ಆಕು, ಆಪು, ಬಾಲದ ಟ್ರ್ಯಾಕ್ಟರು

ಮೊಮ್ಮಗನ ಹೆಂಡತಿ ನಮ್ಮ ಮನೆಗೆ ಬಂದು ಇನ್ನೂ ಎಂಟು ದಿನವಾಗಿರಲಿಲ್ಲ. ಶೇಂಗಾ ಚಟ್ನಿಗೆ ಮಿಕ್ಸಿ ಹಾಕಿದ್ದಳು. ಶೇಂಗಾ ಚಟ್ನಿ ತರಿತರಿಯಾಗಿರಬೇಕು, ಹಿಟ್ಟಾದರೆ ದನಕ್ಕೆ ಹಾಕುವ ಹಿಂಡಿಗೂ ಅದಕ್ಕೂ ವ್ಯತ್ಯಾಸವಿರುವುದಿಲ್ಲ. ಹದ ಬಂತು ಅನ್ನಿಸಿತು. ಕೂತಲ್ಲಿಂದಲೇ ಗಟ್ಟಿಯಾಗಿ ಕೂಗಿದೆ: "ಗೋವಿಂದಾ!"

ಹುಡುಗಿ ಮಿಕ್ಸಿ ನಿಲ್ಲಿಸಲಿಲ್ಲ. ಅದನ್ನು ಓಡುವುದಕ್ಕೇ ಬಿಟ್ಟು, ಕೈಯಲ್ಲಿ ಚಮಚ ಹಿಡಿದುಕೊಂಡೇ ಬಾಗಿಲಿಗೆ ಓಡಿದಳು. ಯಾರೋ ಹೋಗಿಬಿಟ್ಟರು, ಹೆಣ ಬೀದಿಯಲ್ಲಿ ಬರುತ್ತಿದೆ ಅಂತ ಅವಳ ಲೆಕ್ಕ.

"ಯಾರ್ ಹೋದ್ರಜ್ಜಿ?"

"ಯಾರೂ ಹೋಗಿಲ್ಲವ್ವ. ಚಟ್ನಿ ಹೋತು."

ತಪ್ಪು ಅವಳದಲ್ಲ. ನಾವು ಶಿವನ ಒಕ್ಕಲು, ಕೊರಳಲ್ಲಿ ಲಿಂಗವಿದೆ, ಹಣೆಯಲ್ಲಿ ವಿಭೂತಿಯಿದೆ. ಇಂಥ ಮನೆಯಲ್ಲಿ ಮಿಕ್ಸಿ ನಿಲ್ಲಿಸಲು, ಫ್ಯಾನು ನಿಲ್ಲಿಸಲು, ಆಟೋ ನಿಲ್ಲಿಸಲು, ಬಾವಿಯ ಮೋಟರು ನಿಲ್ಲಿಸಲು ಎಲ್ಲದಕ್ಕೂ "ಗೋವಿಂದಾ" ಅನ್ನುತ್ತಾರೆಂದು ಹೊಸಬಳಿಗೆ ಹೇಗೆ ಗೊತ್ತಾಗಬೇಕು? ನಮ್ಮ ಮೊಮ್ಮಕ್ಕಳು ಹುಟ್ಟುತ್ತಲೇ ಕೇಳಿದ್ದು ಅದನ್ನೇ. ಅವಕ್ಕೆ ಅದು ದೇವರ ಹೆಸರೆಂದು ಗೊತ್ತಾದದ್ದು ಶಾಲೆಗೆ ಹೋದ ಮೇಲೆ.

ಇದಕ್ಕೆಲ್ಲ ಕಾರಣ ಒಂದು ಟ್ರ್ಯಾಕ್ಟರು. ಹೇಳುತ್ತೇನೆ. ಆದರೆ ಸೀದಾ ಹೇಳಲು ನನಗೆ ಬರುವುದಿಲ್ಲ, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಶಾಲೆ ಬಿಟ್ಟದ್ದಕ್ಕೂ ಈ ಟ್ರ್ಯಾಕ್ಟರಿಗೂ ಒಂದು ನಂಟಿದೆ, ಅದನ್ನೂ ಕೇಳಿಬಿಡಿ.

ನನ್ನ ತವರು ತೆಲುಗು ಗಡಿಯೊಳಗಿನ ಚಿಪ್ಪಗಿರಿ ಕಡೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಮೊದಲನೆಯ ದಿನ ಮೇಷ್ಟ್ರು ಒಂದು ಅರಳಿ ಎಲೆ ಎತ್ತಿ ಹಿಡಿದು ನನ್ನ ಕಡೆ ನೋಡಿ "ಆಕು" ಅಂದರು. ತೆಲುಗಿನಲ್ಲಿ ಆಕು ಅಂದರೆ ಎಲೆ. ನನಗೇನು ಗೊತ್ತು? ನಮ್ಮ ಕಡೆ ಮಾತಿನಲ್ಲಿ 'ಹ' ಅನ್ನುವ ಅಕ್ಷರವನ್ನು ನುಂಗಿಬಿಡುತ್ತೇವೆ. ಹಾಕು ಅನ್ನುವುದು ನಮಗೆ ಆಕು. ಮೇಷ್ಟ್ರು ಏನೋ ಕೆಳಗೆ ಹಾಕು ಅನ್ನುತ್ತಿದ್ದಾರೆಂದು ಸ್ಲೇಟು ಕೆಳಗೆ ಹಾಕಿದೆ. ಅವರು ಇನ್ನೊಮ್ಮೆ "ಆಕು" ಅಂದರು. ಚೀಲ ಹಾಕಿದೆ. ಮೂರನೇ ಸಲ ಎಲೆಯನ್ನು ಮೂಗಿನ ಹತ್ತಿರ ತಂದು "ಆಕು!" ಅಂದರು. ಹಾಕಲು ಬೇರೇನೂ ಉಳಿದಿರಲಿಲ್ಲ. ಜಡೆಯಲ್ಲಿದ್ದ ಚೆಂಡುಹೂವು ಕಿತ್ತು ಅವರ ಕಾಲ ಬಳಿ ಹಾಕಿದೆ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತ ನೆಲಕ್ಕೇ ಕುಳಿತರು. ಅಂದಿನಿಂದ ಮೂರು ವರ್ಷ ನನ್ನ ಹೆಸರು "ಆಕು". ಆಮೇಲೆ ನಾನೇ ಶಾಲೆಗೆ ಶರಣು ಹೊಡೆದು ಎಮ್ಮೆ ಕಾಯಲು ಹೋದೆ. ಎಮ್ಮೆಗಳು ಒಂದೇ ಭಾಷೆ ಮಾತಾಡುತ್ತವೆ.

ತೆಲುಗಿನಲ್ಲಿ ಇನ್ನೊಂದು ಮಾತಿದೆ, ಆಪು. ಆಪು ಅಂದರೆ ನಿಲ್ಲಿಸು. ಆಕು, ಆಪು. ನಡುವೆ ಒಂದೇ ಅಕ್ಷರ. ಇದನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಈಗ ಟ್ರ್ಯಾಕ್ಟರಿಗೆ ಬರೋಣ. ನನ್ನನ್ನು ಕೊಟ್ಟ ಊರು ಆದವಾನಿಗೆ ಹತ್ತಿರ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ, ನಮ್ಮೂರ ಹೊಲಗಳಿಗೆ ಕರೆಂಟು ಬಂದು ನಾಲ್ಕೈದು ವರ್ಷವಾಗಿತ್ತು. ನಮ್ಮ ಮನೆಯವರು ಆದವಾನಿಯ ಹತ್ತಿ ಸಾಹುಕಾರರೊಬ್ಬರು ಬೇಡವೆಂದು ಬಿಟ್ಟ ಟ್ರ್ಯಾಕ್ಟರನ್ನು ಮನೆಗೆ ತಂದಿದ್ದರು. ಎರಡು ವರ್ಷ ಓಡಿತು. ಒಂದು ದಿನ ಹೊಲದ ನಡುವೆ ಢಮ್ ಅಂದು ಎಂಜಿನ್ ಸೀಳಿಕೊಂಡಿತು. ಎತ್ತು ಕಟ್ಟಿ ಎಳೆದು ತಂದು ಮನೆ ಮುಂದಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ನಮ್ಮ ಮನೆಯವರು ದಿನಾ ಬೆಳಿಗ್ಗೆ ಅದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

"ಹೆಣಕ್ಕ ಎಷ್ಟ್ ದಿನ ನೀರ್ ಆಕ್ತೀರಿ?" ಅಂತ ನಾನು ಕೇಳುತ್ತಿದ್ದೆ.

ನನ್ನ ಮಟ್ಟಿಗೆ ಅದು ಓಡುವುದಕ್ಕಿಂತ ನಿಂತಾಗಲೇ ಹೆಚ್ಚು ಉಪಯೋಗಕ್ಕೆ ಬಂತು. ಬಾನೆಟ್ಟಿನ ಮೇಲೆ ಸಂಡಿಗೆ ಹಾಕಿದರೆ ಕಬ್ಬಿಣದ ಕಾವಿಗೆ ಮಧ್ಯಾಹ್ನದೊಳಗೆ ಒಣಗುತ್ತಿತ್ತು. ಬಾನೆಟ್ಟಿನ ಒಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಸ್ಟೇರಿಂಗಿಗೆ ರವಿಕೆ ಒಣಹಾಕುತ್ತಿದ್ದೆ.

ನನ್ನ ಮೈದುನ ವೀರೇಶಿ ಆದವಾನಿಯ ಹತ್ತಿ ಮಿಲ್ಲಿನಲ್ಲಿ ಫಿಟ್ಟರು. ಹಗಲೆಲ್ಲ ತೆಲುಗಿನವರ ನಡುವೆ ಕೆಲಸ, ಹಾಗಾಗಿ ಅವನ ಬಾಯಿ ಅರ್ಧ ಅಲ್ಲಿ, ಅರ್ಧ ಇಲ್ಲಿ. ಅವನಿಗೆ ಏನಾದರೂ ಬೇಕಾದಾಗ ನಾನು "ಅತ್ತಿಗಿ", ಗಾಬರಿಯಾದಾಗ ತೆಲುಗಿನ "ವದಿನಾ". ಒಂದು ಶನಿವಾರ ಸಂಜೆ ಊರಿಗೆ ಬಂದವನು ಟ್ರ್ಯಾಕ್ಟರನ್ನು ನೋಡಿದ. ಆಮೇಲೆ ಹೊಲದ ಕಡೆ, ನನ್ನ ಬಾವಿಯನ್ನು ನೋಡಿದ. ಮತ್ತೆ ಟ್ರ್ಯಾಕ್ಟರು. ಆ ನೋಟ ನನಗೆ ಸರಿ ಕಾಣಲಿಲ್ಲ.

"ಅತ್ತಿಗಿ, ಮಿಲ್ಲಿನ್ಯಾಗ ಅಷ್ಟಷ್ಟ್ ದೊಡ್ಡ ಮಿಷನ್ ಕರೆಂಟಿನ್ ಮ್ಯಾಲ ಓಡ್ತಾವ. ಈ ಟ್ರ್ಯಾಕ್ಟರ್ ಯಾಕ ಓಡಬಾರ್ದು?"

"ಓಡ್ಲಿ. ನಾ ಏನ್ ಹಿಡ್ಕಂಡೇನಾ?"

"ಕರೆಂಟ್ ಐತಿ. ಒಂದು ಮೋಟರ್ ಬೇಕು."

"ನನ್ನ ಮೋಟರಿಗೆ ಕೈ ಹಚ್ಚಿದಿ ಅಂದ್ರ ಆ ಕೈಯಾಗ ನೀ ಉಣ್ಣಂಗಿಲ್ಲ."

ನಮ್ಮ ಕಡೆ ಮಗಳ ಮದುವೆಯಲ್ಲಿ ಅರಿಶಿನ-ಕುಂಕುಮಕ್ಕೆಂದು ತವರಿನವರು ತುಂಡು ಹೊಲ ಕೊಡುವುದುಂಟು. ನನ್ನಪ್ಪ ಎರಡೆಕರೆ ಕೊಟ್ಟ, ಆಮೇಲೆ ಅದರಲ್ಲಿ ಬಾವಿ ತೋಡಿಸಿದ, ಕರೆಂಟು ಬಂದಾಗ ಐದು ಹಾರ್ಸ್‌ಪವರಿನ ಮೋಟರು ತಂದು ಕೂರಿಸಿ ಹೋದ. ಜೀವನದಲ್ಲಿ 'ನನ್ನದು' ಅಂತ ಬಾಯಿತುಂಬ ಅಂದದ್ದು ನಾನು ಈ ಮೂರಕ್ಕೇ. ಮಕ್ಕಳನ್ನು ಕೂಡ 'ನಮ್ಮವು' ಅನ್ನುತ್ತಿದ್ದೆ. ಅದೂ ಅಲ್ಲದೆ ಬಾವಿಯ ಪಕ್ಕ ಉಳ್ಳಾಗಡ್ಡಿ ಸಸಿಮಡಿ ಹಾಕಿದ್ದೆ. ಕೂದಲೆಳೆಯಂಥ ಸಸಿ, ಮೂರು ದಿನಕ್ಕೊಮ್ಮೆ ನೀರು ಕುಡಿಯಲೇಬೇಕು. ಮೋಟರು ಸುಟ್ಟರೆ ಆದವಾನಿಗೆ ಹೊತ್ತು ಒಯ್ದು ತಂತಿ ಸುತ್ತಿಸಿ ತರಲು ಎಂಟು ದಿನ. ಅಷ್ಟರಲ್ಲಿ ಮಡಿಯಲ್ಲಿ ಬರೀ ಮಣ್ಣು.

ಆದರೆ ನಿಜ ಹೇಳುತ್ತೇನೆ, ನನಗೂ ಒಂದು ಆಸೆಯಿತ್ತು. ಆ ಟ್ರ್ಯಾಕ್ಟರು ಓಡುತ್ತಿದ್ದಾಗ ಎರಡು ವರ್ಷದಲ್ಲಿ ನನ್ನನ್ನು ಒಂದು ದಿನವೂ ಸೀಟಿನ ಮೇಲೆ ಕೂರಿಸಿರಲಿಲ್ಲ. ಹಿಂದಿನ ಟ್ರಾಲಿಯಲ್ಲಿ ಹತ್ತಿ ಮೂಟೆಯ ಜೊತೆ ಕೂರಿಸಿದ್ದರು.

"ಮೂರು ದಿನ ಕೊಡ್ತೀನಿ," ಅಂದೆ. "ಮೂರನೇ ದಿನ ಹೊತ್ತು ಮುಳುಗೋದ್ರೊಳಗ ಮೋಟರ್ ಬಾವ್ಯಾಗಿರಬೇಕು, ಸಸಿಗೆ ನೀರು ಬಿದ್ದಿರಬೇಕು. ಮತ್ತ ಮೊದ್ಲು ನಾ ನಡಸ್ತೀನಿ."

ನಮ್ಮ ಮನೆಯವರು ಬಾಯಲ್ಲಿದ್ದ ಎಲೆಯಡಿಕೆ ಉಗುಳಿದರು. "ಹೆಣ್ಮಕ್ಕಳು ಟ್ರ್ಯಾಕ್ಟರ್ ಮ್ಯಾಲ ಕುಂತ್ರ ಮಂದಿ ಏನಂತಾರ?"

"ಮಂದಿ ಮೋಟರ್ ಕೊಡ್ತಾರೇನು ಕೇಳ್ರಿ."

ಕೊನೆಗೆ ವೀರೇಶಿ ರಾಜಿ ಮಾಡಿಸಿದ. ಮೊದಲು ಅವನು ನಡೆಸುವುದು, ಕರೆಂಟು ಹಾಕುವ ತೆಗೆಯುವ ಅಧಿಕಾರ ನನ್ನದು. ಅಧಿಕಾರ ಅನ್ನುವ ಮಾತಿಗೆ ನಾನು ಬಿದ್ದೆ.

ಭಾನುವಾರ ಬೇವಿನ ಕೊಂಬೆಗೆ ಹಗ್ಗ ಕಟ್ಟಿ ಎಂಜಿನ್ ಎತ್ತಿ ಇಳಿಸಿದರು. ಅದರ ಸಂದಿಯಲ್ಲಿ ಹನ್ನೊಂದು ಮೊಟ್ಟೆ ಸಿಕ್ಕವು. ಕೋಳಿ ಮೂರು ದಿನ ವೀರೇಶಿಯನ್ನು ಕಂಡಲ್ಲೆಲ್ಲ ಅಟ್ಟಿಸಿಕೊಂಡು ಹೋಯಿತು. ಎಂಜಿನ್ ಇದ್ದ ಜಾಗದಲ್ಲಿ ಕಬ್ಬಿಣದ ಪಟ್ಟಿ ಕೂಡಿಸಿ ನನ್ನ ಮೋಟರು ಕೂರಿಸಿದ. ಕ್ಲಚ್ಚಿಗೆ ಜಾಗ ಸಾಲಲಿಲ್ಲ, ಅದನ್ನು ಬಿಚ್ಚಿ ಹಿತ್ತಲಿಗೆ ಎಸೆದ. ಅಂದರೆ ಟ್ರ್ಯಾಕ್ಟರನ್ನು ಕಾಲಿನಿಂದ ನಿಲ್ಲಿಸುವಂತಿಲ್ಲ. ಕರೆಂಟು ಬಂದರೆ ಹೋಗುತ್ತದೆ, ಕರೆಂಟು ಹೋದರೆ ನಿಲ್ಲುತ್ತದೆ. ಕರೆಂಟು ಎಲ್ಲಿಂದ? ಬಾವಿಯ ಪಕ್ಕದ ಮೋಟರ್ ಕೋಣೆಯ ಗೋಡೆಗಿದ್ದ ಸ್ಟಾರ್ಟರಿನಿಂದ. ಅಲ್ಲಿಂದ ಟ್ರ್ಯಾಕ್ಟರಿನವರೆಗೆ ಒಂದು ಉದ್ದನೆಯ ಕಪ್ಪು ಕೇಬಲ್ಲು. ಮಿಲ್ಲಿನಲ್ಲಿ ಬಿಸಾಡಿದ ತುಂಡುಗಳನ್ನು ಕೂಡಿಸಿ ಟೇಪು ಸುತ್ತಿದ್ದು. ಅದು ನೆಲಕ್ಕೆ ತಾಗಬಾರದು, ಚಕ್ರಕ್ಕೆ ಸಿಗಬಾರದು ಅಂತ ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಈರಮ್ಮ, ಮಾಬುನ್ನಿ ಇಬ್ಬರೂ ಜಾಲಿಯ ಕವೆಕೋಲಿನಿಂದ ಅದನ್ನು ಎತ್ತಿ ಹಿಡಿದು ಹಿಂದೆ ಹಿಂದೆ ನಡೆಯಬೇಕು. ಇವತ್ತು ಯಾರಾದರೂ ಹಾಗೆ ಮಾಡಿದರೆ ನಾನೇ ಕೆನ್ನೆಗೆ ಬಿಡುತ್ತೇನೆ. ಆಗ ನಮಗೆ ಅಷ್ಟು ಬುದ್ಧಿ ಇರಲಿಲ್ಲ, ಅಥವಾ ಅಷ್ಟು ಖುಷಿ ಇತ್ತು.

ಈರಮ್ಮ ಕೇಬಲ್ಲು ಎತ್ತಿ ಹಿಡಿದು ನೋಡಿದಳು. "ಅಕ್ಕಾ, ಇದು ಟ್ರ್ಯಾಕ್ಟರೋ ಎಮ್ಮಿಯೋ? ಬಾಲ ಎತ್ತಿದ್ರ ಸೆಗಣಿ ಆಕ್ತೈತೇನು?"

ಸೋಮವಾರ ಸಂಜೆ ಎತ್ತು ಕಟ್ಟಿ ಹೊಲಕ್ಕೆ ಎಳೆದೊಯ್ದು ಮೊದಲ ಸಲ ಗುಂಡಿ ಒತ್ತಿದಾಗ ಅದು ಹಾಕಿದ್ದು ಸೆಗಣಿಯಲ್ಲ, ಹಿಂದಕ್ಕೆ ಹೆಜ್ಜೆ. ಮುಂದಕ್ಕೆ ಹೋಗಬೇಕಾದದ್ದು ಹಿಂದಕ್ಕೆ ಸರಿದು ಇಬ್ಬರು ಹೆಂಗಸರನ್ನೂ ಹೊಲದ ಆಚೆ ಓಡಿಸಿತು. ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಮೋಟರು ಉಲ್ಟಾ ತಿರುಗುತ್ತದಂತೆ. ವೀರೇಶಿ ಎರಡು ತಂತಿ ಬದಲಿಸಿದ, ಟ್ರ್ಯಾಕ್ಟರಿನ ಮನಸ್ಸೂ ಬದಲಾಯಿತು. ನಾನು ನಮ್ಮ ಮನೆಯವರ ಕಡೆ ನೋಡಿದೆ. ಇವರಲ್ಲಿ ಆ ಎರಡು ತಂತಿ ಎಲ್ಲಿರಬಹುದು ಅಂತ.

ಮಂಗಳವಾರ, ಮೂರನೆಯ ದಿನ. ಬೆಳಿಗ್ಗೆಯೇ ಮಡಿಯ ಹತ್ತಿರ ಹೋಗಿ ನೋಡಿದೆ. ಸಸಿಗಳ ತುದಿ ಬಾಗಲು ಶುರುವಾಗಿತ್ತು. "ಇವತ್ತು ಸಂಜಿ ದಾಟಿದ್ರ ನಿಮ್ಮಿಬ್ಬರನ್ನ ಮಡ್ಯಾಗ ಹೂಳ್ತೀನಿ," ಅಂತ ಅಣ್ಣ ತಮ್ಮ ಇಬ್ಬರಿಗೂ ಹೇಳಿದೆ.

ಐದು ಹಾರ್ಸ್‌ಪವರು ದೊಡ್ಡ ನೇಗಿಲು ಎಳೆಯುವುದಿಲ್ಲ. ಅದಕ್ಕೇ ಮೇಲ್ಮಣ್ಣು ಕೆದಕುವ ಎತ್ತಿನ ಕುಂಟೆಯನ್ನೇ ಹಿಂದೆ ಕಟ್ಟಿ ಹೊಲ ಹರಗುವುದೆಂದಾಯಿತು. ಕುಂಟೆ ನೆಲಕ್ಕಿಳಿಯಲು ಭಾರ ಬೇಕು, ನಮ್ಮ ಮನೆಯವರು ಅದರ ಮೇಲೆ ನಿಂತರು. ವೀರೇಶಿ ನನಗೆ ಪಾಠ ಹೇಳಿದ: "ಆಕು ಅಂದ್ರ ಹಸಿರು ಗುಂಡಿ. ತೆಗಿ ಅಂದ್ರ ಕೆಂಪು ಗುಂಡಿ. ಬ್ಯಾರೆ ಏನೂ ನೆಪ್ಪಿಡಬ್ಯಾಡ್ರಿ ಅತ್ತಿಗಿ."

ಮೋಟರ್ ಕೋಣೆಯ ಬಾಗಿಲು ರಸ್ತೆಯ ಕಡೆ, ಹೊಲಕ್ಕೆ ಬೆನ್ನು. ಒಳಗೆ ನಿಂತರೆ ಟ್ರ್ಯಾಕ್ಟರು ಕಾಣುವುದಿಲ್ಲ, ದನಿಯೊಂದೇ. ಪಕ್ಕದ ನನ್ನ ಬಾವಿಯಲ್ಲಿ ನಮ್ಮೂರ ಆಚಾರ್ರು ಮೆಟ್ಟಿಲ ಮೇಲೆ ಸ್ನಾನ ಮಾಡುತ್ತಿದ್ದರು. ಅವರು ಆದವಾನಿಯ ಒಂದು ಆಫೀಸಿನಲ್ಲಿ ಗುಮಾಸ್ತರು, ದಿನಾ ಎಂಟರ ಬಸ್ಸಿಗೆ ಹೋಗುವವರು. ಅವರ ಮನೆ ಬಾವಿಯ ನೀರು ಉಪ್ಪು. ಮೋಟರಿಲ್ಲದೆ ನನ್ನ ಬಾವಿಯಲ್ಲಿ ನೀರು ಮೇಲೆ ಬಂದಿತ್ತು, ಹಾಗಾಗಿ ಆ ವಾರ ಅವರ ಸ್ನಾನವೂ ಮಂತ್ರವೂ ಎರಡು ಪಾಲು ಉದ್ದವಾಗಿದ್ದವು.

"ಆಕು!" ಅಂತ ವೀರೇಶಿ ಕೂಗಿದ. ಹಸಿರು ಒತ್ತಿದೆ.

ಸದ್ದೇ ಇಲ್ಲ! ಬರೀ ಗುಂಯ್ ಅಂತ, ದುಂಬಿ ಹೋದ ಹಾಗೆ. ತಡೆಯಲಾರದೆ ಹೊರಗೆ ಬಂದು ಇಣುಕಿದೆ. ಹೊಗೆ ಇಲ್ಲ, ಗಡಗಡ ಇಲ್ಲ, ಟ್ರ್ಯಾಕ್ಟರು ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಹಿಂದೆ ಕುಂಟೆಯ ಮೇಲೆ ನಮ್ಮ ಮನೆಯವರು ಪಲ್ಲಕ್ಕಿಯಲ್ಲಿ ನಿಂತವರ ಹಾಗೆ. ಅದರ ಹಿಂದೆ ಬಾಲ ಹಿಡಿದ ಇಬ್ಬರು ಹೆಂಗಸರು, ನಗುತ್ತ ಎಡವುತ್ತ. ಮಣ್ಣು ಬಿಚ್ಚಿಕೊಳ್ಳುತ್ತಿತ್ತು. ಮತ್ತೆ ಒಳಗೆ ಓಡಿದೆ. ಬದು ಬಂದಾಗ "ತೆಗಿ!" ಅಂದ, ತೆಗೆದೆ. ಸರಿಯಾಗಿ ನಿಂತಿತು. ತಳ್ಳಿ ತಿರುಗಿಸಿ, ಬಾವಿಯ ಕಡೆ ಮುಖ ಮಾಡಿ, "ಆಕು!" ಅಂದ. ಹಾಕಿದೆ.

ಇಲ್ಲಿ ಕುಂಟೆ ಒಂದು ಕಲ್ಲಿಗೆ ಸಿಕ್ಕಿತು. ಟ್ರ್ಯಾಕ್ಟರು ವಾಲಿತು, ಸ್ಟೇರಿಂಗು ವೀರೇಶಿಯ ಕೈ ತಪ್ಪಿತು, ಟ್ರ್ಯಾಕ್ಟರಿನ ಮೂತಿ ಸೀದಾ ಬಾವಿಗೆ ತಿರುಗಿತು. ಗಾಬರಿಯಲ್ಲಿ ಅವನ ಬಾಯಿಗೆ 'ತೆಗಿ' ಬರಲಿಲ್ಲ, ಮಿಲ್ಲಿನ ಮಾತು ಬಂತು.

"ಆಪು! ವದಿನಾ, ಆಪು!"

ನನಗೆ ಕೇಳಿದ್ದು "ಆಕು".

"ಆಕೀನಲ್ಲೋ!" ಅಂದೆ. ಆದರೂ ಇರಲಿ ಅಂತ ಹಸಿರು ಗುಂಡಿಯನ್ನು ಇನ್ನೊಮ್ಮೆ ಒತ್ತಿದೆ.

"ಆಪು, ಆಪು!"

ನೆಲ ಗಟ್ಟಿ ಸಿಕ್ಕಿರಬೇಕು, ಶಕ್ತಿ ಸಾಲುತ್ತಿಲ್ಲ ಅಂದುಕೊಂಡೆ. ಎರಡೂ ಹೆಬ್ಬೆರಳು ಇಟ್ಟು ಮೈಭಾರವೆಲ್ಲ ಬಿಟ್ಟು ಒತ್ತಿದೆ. "ಆಕೀನೋ ಮಾರಾಯ! ಇನ್ನೆಷ್ಟ್ ಆಕ್ಲಿ?"

ಆಗ ಮಾಬುನ್ನಿಯ ದನಿ ಬಂತು: "ಬಸ್! ಅರೇ ಬಸ್, ಬಸ್!"

ಅವಳ ಭಾಷೆಯಲ್ಲಿ ಬಸ್ ಅಂದರೆ ಸಾಕು. ನನಗೆ ಬಸ್ ಅಂದರೆ ಎಂಟರ ಬಸ್ಸು. ಬಾಗಿಲಿನಿಂದ ರಸ್ತೆ ನೋಡಿದೆ, ಕಾಣಲಿಲ್ಲ. ಆದರೂ ಪಾಪ, ಆಚಾರ್ರಿಗೆ ತಪ್ಪಬಾರದಲ್ಲ. ಗುಂಡಿಯಿಂದ ಕೈ ತೆಗೆಯದೆ ಬಾವಿಯ ಕಡೆ ಕೂಗಿದೆ: "ಆಚಾರ್ರೇ, ಬಸ್ ಬಂತಂತ್ರೀ! ಲಗೂನ ಬರ್ರಿ!"

ಆಚಾರ್ರು ಮಂತ್ರವನ್ನು ಅರ್ಧಕ್ಕೇ ಬಿಟ್ಟು, ಒದ್ದೆ ಪಂಚೆ ಹಿಡಿದುಕೊಂಡು, ಮೆಟ್ಟಿಲು ಹತ್ತಿ ಬಾವಿಯಿಂದ ತಲೆ ಹೊರಗೆ ಹಾಕಿದರು. ಬಸ್ಸು ಇರಲಿಲ್ಲ. ಹತ್ತು ಮೊಳ ದೂರದಲ್ಲಿ, ಸದ್ದಿಲ್ಲದೆ, ಎರಡು ಗುಡ್ಡೆಗಣ್ಣು ಬಿಟ್ಟುಕೊಂಡು ಟ್ರ್ಯಾಕ್ಟರು ಅವರನ್ನೇ ನೋಡುತ್ತ ಬರುತ್ತಿತ್ತು.

"ಗೋವಿಂದಾ! ಗೋವಿಂದಾ! ಗೋವಿಂದಾ!"

ಮೂರನೆಯ ಗೋವಿಂದನ ಜೊತೆಗೆ ಧುಡುಂ ಅಂತ ನೀರಿಗೆ ಬಿದ್ದ ಸದ್ದು. ಬಾವಿಯ ಒಳಗಿನಿಂದ ಎದ್ದ ಕೂಗು, ಗುಡಿಯ ಗಂಟೆಯ ಹಾಗೆ ಕೋಣೆಯ ಗೋಡೆಗೆಲ್ಲ ಬಡಿಯಿತು. ಆ ಮಾತಿಗೆ ನಮ್ಮಲ್ಲಿ ಒಂದೇ ಅರ್ಥ. ಮುಗೀತು. ಟ್ರ್ಯಾಕ್ಟರು ಹೋಯಿತೋ, ಮೈದುನ ಹೋದನೋ, ಮೋಟರು ಹೋಯಿತೋ, ಯಾವುದೋ ಒಂದು ಮುಗೀತು. ಮುಗಿದ ಮೇಲೆ ಸುಮ್ಮನೆ ಕರೆಂಟು ಯಾಕೆ ಸುಡಬೇಕು ಅಂತ ಕೆಂಪು ಗುಂಡಿ ಒತ್ತಿ, ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದೆ.

ಟ್ರ್ಯಾಕ್ಟರಿನ ಮುಂದಿನ ಒಂದು ಚಕ್ರ ಬಾವಿಯ ಮೇಲೆ ಗಾಳಿಯಲ್ಲಿ ನಿಧಾನ ತಿರುಗುತ್ತಿತ್ತು. ನನ್ನ ಮೋಟರು ತವರಿಗೆ ಬಂದ ಮಗಳ ಹಾಗೆ ಬಾವಿಯೊಳಗೆ ಇಣುಕುತ್ತಿತ್ತು. ಕುಂಟೆ ನಮ್ಮ ಮನೆಯವರಿಲ್ಲದೆಯೇ ಬಂದಿತ್ತು. ಅವರು ಹೊಲದ ನಡುವೆ ಕೂತು ಬಾಯೊಳಗಿನ ಮಣ್ಣು ಉಗುಳುತ್ತಿದ್ದರು.

"ಆಪು ಅಂದ್ರ ನಿಲ್ಸಬೇಕಲ್ಲ ವದಿನಾ!" ವೀರೇಶಿ ಸ್ಟೇರಿಂಗು ತಬ್ಬಿಕೊಂಡೇ ಕೂಗಿದ.

"ಆಕು ಅಂದಿ, ಆಕಿದೆ."

"ಆಕು ಅಲ್ಲ, ಆಪು!"

"ಅದನ್ನ ನಾನೂ ಅನ್ನಾಕತ್ತೀನಿ, ಆಕು!"

"ನಾ ಸಾಕು ಅಂದೆ, ಆಕಿ ರಸ್ತಾ ನೋಡ್ತಾಳ!" ಅಂತ ಮಾಬುನ್ನಿ.

ಬಾವಿಯ ತಳದಿಂದ ಆಚಾರ್ರ ದನಿ ಬಂತು: "ಮೊದ್ಲು ನನ್ನ ಮ್ಯಾಲಕ್ಕೆತ್ರಿ! ವ್ಯಾಕರಣ ಆಮ್ಯಾಲ ಮಾಡೋಣಂತ!"

ಅಲ್ಲಿಗೆ ಈರಮ್ಮ ಕವೆಕೋಲು ಬಿಸಾಡಿ ನೆಲಕ್ಕೆ ಬಿದ್ದು ನಕ್ಕಳು. ಅವಳನ್ನು ನೋಡಿ ಮಾಬುನ್ನಿ. ಮಾಬುನ್ನಿಯನ್ನು ನೋಡಿ ನಾನು. ನಾನು ಸುಲಭಕ್ಕೆ ನಗುವವಳಲ್ಲ. ಅವತ್ತು ಬಾವಿಯ ದಂಡೆಯಲ್ಲಿ ಕೂತು, ಕಣ್ಣೀರು ಮೂಗಿನ ನೀರು ಒಂದಾಗುವಂತೆ ನಕ್ಕೆ. ಹಗ್ಗ ಹಿಡಿದು ಮೇಲೆ ಬಂದ ಆಚಾರ್ರೂ ನಕ್ಕರು, ಬಸ್ಸು ಹೋದ ಮೇಲೆ.

ಎತ್ತು ಕಟ್ಟಿ ಟ್ರ್ಯಾಕ್ಟರನ್ನು ಹಿಂದಕ್ಕೆ ಎಳೆದರು. ಮೋಟರು ಬಿಚ್ಚಿ, ಹೊತ್ತು ಮುಳುಗುವ ಮುಂಚೆ ಬಾವಿಯಲ್ಲಿ ಕೂರಿಸಿದರು. ಹಸಿರು ಗುಂಡಿ ನಾನೇ ಒತ್ತಿದೆ, ಹೆಬ್ಬೆರಳು ನೋಯುತ್ತಿತ್ತು. ನೀರು ಬಂತು. ಮರುದಿನ ಬೆಳಿಗ್ಗೆ ಸಸಿಗಳು ಏನೂ ಆಗಿಲ್ಲವೆಂಬಂತೆ ನೆಟ್ಟಗೆ ನಿಂತಿದ್ದವು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ನಿಲ್ಲಿಸುವುದಕ್ಕೆ ಯಾವ ಮಾತು ಅಂತ ಚರ್ಚೆ. ಸಾಕು ಅಂದರೆ ಅದೂ ಆಕು ಅಂತಲೇ ಕೇಳುತ್ತದೆ. ತೆಗಿ ಅಂದರೆ ವೀರೇಶಿಗೆ ನೆನಪಿರುವುದಿಲ್ಲ. ಬಸ್ ಅಂದರೆ ರಸ್ತೆ ಇದೆ.

"ಗೋವಿಂದಾ ಅನ್ನಾನ," ಅಂದೆ. "ಅದ್ಕೊಂದಕ್ಕೇ ನನ್ನ ಕೈ ಕೆಂಪು ಗುಂಡಿಗೆ ಹೋಗಿದ್ದು."

ನಮ್ಮ ಮನೆಯವರು ತುತ್ತು ಕೆಳಗಿಟ್ಟರು. "ನಾವು ಶಿವನ ಮಂದಿ. ಬೇಕಾದ್ರ ಶಿವಾ ಅನ್ನಾನ."

"ನೀವು ಕುಂತ್ರೂ ಶಿವಾ ಅಂತೀರಿ, ಎದ್ರೂ ಶಿವಾ ಅಂತೀರಿ, ಆಕಳಿಸಿದ್ರೂ ಶಿವಾ ಅಂತೀರಿ. ಟ್ರ್ಯಾಕ್ಟರ್ ಹೆಜ್ಜಿಗೊಮ್ಮಿ ನಿಲ್ತೈತಿ."

ಅವರು "ಶಿವಾ" ಅಂತ ಉಸಿರುಬಿಟ್ಟು ತುತ್ತು ಎತ್ತಿದರು.

ಆ ಬೇಸಿಗೆಯೆಲ್ಲ ಹೀಗೇ ನಡೆಯಿತು. ಎರಡು ದಿನ ಮೋಟರು ಟ್ರ್ಯಾಕ್ಟರಿನಲ್ಲಿ, ಒಂದು ದಿನ ಬಾವಿಯಲ್ಲಿ. ನಮ್ಮ ಹೊಲದಿಂದ ಹಗಲೆಲ್ಲ ಗೋವಿಂದ ನಾಮ ಕೇಳಿ ಆಚಾರ್ರ ಹೆಂಡತಿ ಒಂದು ದಿನ ನಮಗೆ ತೀರ್ಥ ಪ್ರಸಾದ ಕಳಿಸಿದರು. ನಾವು ಕಣ್ಣಿಗೊತ್ತಿಕೊಂಡು ತಿಂದೆವು. ಆಮೇಲೆ ನಮ್ಮ ಮನೆಯವರು ಎಲ್ಲಿಂದಲೋ ಒಂದು ಹಳೆಯ ಡೀಸೆಲ್ ಎಂಜಿನ್ ಹುಡುಕಿ ತಂದರು. ಮೋಟರು ಕಾಯಂ ಬಾವಿಗೆ ಇಳಿಯಿತು, ಟ್ರ್ಯಾಕ್ಟರು ಮತ್ತೆ ಗಡಗಡ ಹೊಗೆ ಬಿಟ್ಟಿತು. ಮಾತು ಮಾತ್ರ ಮನೆಯಲ್ಲಿ ಉಳಿಯಿತು.

ನನ್ನ ಸರದಿಯನ್ನು ಹೇಳದೆ ಬಿಟ್ಟೆನೆಂದುಕೊಂಡಿರಾ?

ಬಾವಿಗೆ ಬೀಳುವುದು ತಪ್ಪಿದ ಮೂರನೆಯ ದಿನ ನಾನು ಅಣ್ಣ ತಮ್ಮ ಇಬ್ಬರನ್ನೂ ಕರೆದು ಹೇಳಿದೆ: "ಹೊಲ ನಂದು, ಬಾವಿ ನಂದು, ಮೋಟರ್ ನಂದು. ನೀವು ನಡಸೋದು ನೋಡಿದ್ದಾತು. ವೀರೇಶಿ, ಕ್ವಾಣ್ಯಾಗ ನಡಿ." ವೀರೇಶಿ ಮೋಟರ್ ಕೋಣೆಗೆ ನಡೆದ. ಕಚ್ಚೆ ಬಿಗಿದು ಹತ್ತಿ ಕೂತೆ. ನಮ್ಮ ಮನೆಯವರು ಕುಂಟೆಯ ಮೇಲೆ ಹತ್ತಲು ಒಪ್ಪಲಿಲ್ಲ, ಎರಡು ಕಲ್ಲು ಇಟ್ಟರು. ಕಲ್ಲು ಅವರಿಗಿಂತ ನೆಟ್ಟಗೆ ನಿಂತವು.

"ಆಕು!" ಅಂತ ಕೂಗಿದೆ.

ಸೀಟಿನ ಕೆಳಗೆ ಮೋಟರು ಗುಂಯ್ ಅಂದಿತು. ಅಪ್ಪ ಕೊಟ್ಟ ಮೋಟರು. ನೆಲ ತಾನಾಗಿಯೇ ಹಿಂದಕ್ಕೆ ಸರಿಯತೊಡಗಿತು. ಇಪ್ಪತ್ತು ವರ್ಷ ಬಗ್ಗಿ ಕಳೆ ತೆಗೆದ ಹೊಲ. ಅದನ್ನು ಮೇಲಿನಿಂದ ನೋಡಿದ್ದು ಅವತ್ತೇ. ಇಷ್ಟು ಅಗಲ ಇದೆಯೆಂದು ನನಗೆ ಗೊತ್ತಿರಲಿಲ್ಲ! ಉಳ್ಳಾಗಡ್ಡಿ ಮಡಿ ಹಸಿರು ಕೌದಿ ಹಾಸಿದ ಹಾಗೆ. ರಸ್ತೆಯಲ್ಲಿ ಎಂಟರ ಬಸ್ಸು ನಿಂತುಬಿಟ್ಟಿತ್ತು, ಕಿಟಕಿಯಿಂದೆಲ್ಲ ತಲೆಗಳು. ಆಚಾರ್ರು ಕೈ ಬೀಸುತ್ತಿದ್ದರು. ಮಂದಿ ಏನಂತಾರೋ ಅಂತ ನಮ್ಮ ಮನೆಯವರು ತಲೆ ತಗ್ಗಿಸಿದ್ದರು. ಮಂದಿ ಸಿಳ್ಳೆ ಹೊಡೆಯುತ್ತಿದ್ದರು.

ಬದು ಬಂತು. ಈಗ ಆ ಮಾತು ಅನ್ನಬೇಕು. ಬಾಯಿ ತೆರೆದೆ.

ಮುಚ್ಚಿದೆ. ಸ್ಟೇರಿಂಗು ಎರಡು ಕೈಯಿಂದ ಎಳೆದು ತಿರುವಿದೆ. ಕುಂಟೆ ಕಲ್ಲುಗಳ ಸಮೇತ ಬಳುಕಿಕೊಂಡು ತಿರುಗಿತು. ಎರಡನೇ ಸುತ್ತು. ಮೂರನೇ ಸುತ್ತು.

"ಅಕ್ಕಾ, ನಮ್ಮ ಕೈ ಬಿದ್ದೋದ್ವು!" ಅಂತ ಹಿಂದಿನಿಂದ ಈರಮ್ಮ ನಗುತ್ತ ಕಿರುಚುತ್ತಿದ್ದಳು. ಕೋಣೆಯೊಳಗಿಂದ, ಏನೂ ಕಾಣದೆ ಗುಂಡಿಯ ಮುಂದೆ ನಿಂತ ವೀರೇಶಿ ಗೋಗರೆಯುತ್ತಿದ್ದ: "ವದಿನಾ, ಅನ್ರೀ! ಆ ಮಾತು ಅನ್ರೀ ವದಿನಾ!"

ನಾನು ತುಟಿ ಬಿಗಿಹಿಡಿದು ನಾಲ್ಕನೇ ಸುತ್ತಿಗೆ ತಿರುವಿದೆ.